ಅಜ್ಜಿಯ ಕೋಣೆಯ ಸದ್ದು

"ರನ್ ಅಂದ್ರೆ ವರ್ಬು. ಹೇಗೆ ಓಡಿದ? ಕ್ವಿಕ್ಲಿ! ಅದು ಆ್ಯಡ್‌ವರ್ಬು. ತಿಳೀತೇನೋ, ಮಂಕೇ?" ಚೂಟಿ ಸ್ಕೇಲಿನಿಂದ ಮೇಜು ಕುಟ್ಟಿದಳು.

ಎರಡನೇ ಕ್ಲಾಸಿನ ತಮ್ಮ ಆಕಳಿಸಿದ. ಅವನಿಗೆ ಈ ಪಾಠ ಯಾಕೆ ಬೇಕಾಗಿತ್ತು? ಆದರೆ ನಾಳೆ ಕ್ಲಾಸಿನಲ್ಲಿ ಪಾಠ ಹೇಳುವ ಸರದಿ ಚೂಟಿಯದು. ಅಭ್ಯಾಸಕ್ಕೆ ಒಬ್ಬ ವಿದ್ಯಾರ್ಥಿ ಸಿಗಬೇಕಲ್ಲ, ಪಾಪ!

ಆಗ ಕೇಳಿಸಿತು. ಟಕ್... ಟಕ್... ಟಕ್.

ಇಬ್ಬರೂ ಕಿವಿ ನಿಮಿರಿಸಿದರು. ಸದ್ದು ಬಂದದ್ದು ಅಜ್ಜಿಯ ಕೋಣೆಯಿಂದ. ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಅಂದಿನಿಂದ ಆ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಅಜ್ಜಿಯ ಹೊಲಿಗೆ ಮಷೀನು. ಅಮ್ಮ ಬರುವುದು ಆರಕ್ಕೆ, ಬಸ್ ಓಡಿಸುವ ಅಪ್ಪ ಏಳಕ್ಕೆ. ಈಗಿನ್ನೂ ನಾಲ್ಕು ಗಂಟೆ.

"ಅಕ್ಕಾ, ಮಷೀನು ತಾನೇ ಓಡ್ತಿದೆ..." ತಮ್ಮ ಅವಳಿಗೆ ಅಂಟಿಕೊಂಡ.

"ಶ್! ಹೇಗೆ ಓಡ್ತಿದೆ, ಕೇಳು."

"ಸ್ಲೋಲಿ," ಎಂದ ತಮ್ಮ, ಅಳು ಬರುವ ದನಿಯಲ್ಲಿ.

ಹೌದು. ಅಜ್ಜಿ ತುಳಿದರೆ ಜಡಿಮಳೆಯಂತೆ ಒಂದೇ ಸಮ ಸದ್ದು. ಇದು ತಡವರಿಸುತ್ತಿತ್ತು. ಕರ್‌ರ್! ಚಕ್ರ ಹಿಂದಕ್ಕೆ ತಿರುಗಿ ದಾರ ಸಿಕ್ಕಾಯಿತು. ಹೊಸಬರು ಮಾಡುವ ತಪ್ಪು ಅದು. ಅಜ್ಜಿ ಯಾವತ್ತೂ ಹಾಗೆ ಮಾಡಿದವಳಲ್ಲ.

ಚೂಟಿ ಬಾಗಿಲ ಹತ್ತಿರ ಹೋದಳು. ಹೆದರಿಕೆ ಇದ್ದೇ ಇತ್ತು. ಆದರೂ ಆಸೆ ಬಿಡಬೇಕಲ್ಲ!

"ಅಜ್ಜೀ?"

ಸದ್ದು ನಿಂತಿತು. ಮುಚ್ಚಿದ ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದಿದ್ದರು. ಚೂಟಿ ಕಣ್ಣು ಮುಚ್ಚಿಕೊಂಡು ಬಾಗಿಲು ತಳ್ಳಿದಳು.

ಮಬ್ಬು ಬೆಳಕಿನಲ್ಲಿ ಮಷೀನಿನ ಮುಂದೆ ಕೂತಿದ್ದವರು ಅಪ್ಪ! ಡ್ಯೂಟಿಯ ಅಂಗಿಯನ್ನೂ ಬಿಚ್ಚಿರಲಿಲ್ಲ. ಸೂಜಿಯ ಕೆಳಗೆ ಅಜ್ಜಿ ಅರ್ಧ ಹೊಲಿದು ಬಿಟ್ಟಿದ್ದ ಚೂಟಿಯ ಯೂನಿಫಾರ್ಮಿನ ಸ್ಕರ್ಟು.

"ಡ್ಯೂಟಿ ಬೇಗ ಮುಗೀತು ಕಣೇ. ನಿಮ್ಮ ಪಾಠ ನಡೀತಿತ್ತು, ಹಿತ್ತಲ ಬಾಗಿಲಿಂದ ಬಂದೆ. ಇದನ್ನ ಮುಗಿಸೋಣ ಅಂತ ಕೂತೆ..."

"ಕರೆದ್ರೆ ಯಾಕೆ ಮಾತಾಡ್ಲಿಲ್ಲ?"

"ನೀನು ಅಜ್ಜೀ ಅಂದ್ಯಲ್ಲ, ನಂಗೆ ಮಾತೇ ಹೊರಡ್ಲಿಲ್ಲ."

ಹಾಗಾದರೆ ಅಜ್ಜಿ ಬರುವುದೇ ಇಲ್ಲ. ಚೂಟಿ ಇನ್ನೇನು ಅಳಬೇಕು, ಅಷ್ಟರಲ್ಲಿ ಅಪ್ಪನ ಕೆಂಪಾದ ಕಣ್ಣು ಕಂಡಿತು. ಇಷ್ಟು ದಿನ ಅವಳು ತನ್ನ ಅಜ್ಜಿ ಹೋದಳೆಂದೇ ಅತ್ತಿದ್ದಳು. ಅಪ್ಪನ ಅಮ್ಮ ಹೋದಳೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ಹೋಗಿ ಚಕ್ರದ ಮೇಲೆ ಕೈಯಿಟ್ಟಳು. ಅಜ್ಜಿಯ ಪಕ್ಕ ಕೂತು ನೋಡಿದವಳಿಗೆ ಅಷ್ಟೂ ಗೊತ್ತಿಲ್ಲವೇ?

"ಮೊದ್ಲು ಕೈಯಲ್ಲಿ ಹೀಗೆ ತಿರುಗಿಸ್ಬೇಕು, ಅಪ್ಪ. ಈಗ ತುಳೀರಿ."

ಅಪ್ಪನ ಕಾಲು ಮತ್ತೆ ತಡವರಿಸಿತು. ಚೂಟಿ ಚಕ್ರದಿಂದ ಕೈ ತೆಗೆಯಲಿಲ್ಲ.