ಡಬ್ಬಿಯೊಳಗಿನ ಬೇವಿನೆಲೆ

"ಇದನ್ನ ನೀವು ತಿಂತೀರೇನ್ರಿ?"

ಪೂನಮ್ ಸ್ಟೀಲಿನ ಬೋಗುಣಿಯನ್ನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಅದರೊಳಗಿದ್ದ ನಾಯಿಯ ಒಣ ಆಹಾರ ನಾಲ್ಕೂ ಕಡೆ ಸಿಡಿಯಿತು. ಒಂದು ಕಾಳು ಹೋಗಿ ಅಂಗಡಿಯವನ ಅಂಗಿಯ ಜೇಬಿಗೇ ಬಿತ್ತು.

ದೇಶಪಾಂಡೆ ನಗರದ ಆ ಅಂಗಡಿಯಲ್ಲಿ ನಾಯಿ, ಬೆಕ್ಕು, ಗಿಳಿ... ಎಲ್ಲದರ ಆಹಾರವೂ ಸಿಗುತ್ತದೆ. ಮಾಲೀಕ ರಾಜರತ್ನ, ಹತ್ತಿರದ ಸುಳ್ಳ ಎಂಬ ಹಳ್ಳಿಯ ಹುಡುಗ. ವಯಸ್ಸು ಮೂವತ್ತರ ಆಸುಪಾಸು. ಅವನು ಜೇಬಿನಿಂದ ಆ ಕಾಳನ್ನು ತೆಗೆದು ಮೂಗಿನ ಹತ್ತಿರ ಹಿಡಿದ.

"ನಾ ತಿನ್ನೂದಿಲ್ರಿ. ನಾ ನಾಯಿ ಅಲ್ಲ."

"ಚ್ಯಾಷ್ಟಿ ಮಾಡಬ್ಯಾಡ್ರಿ! ನಮ್ಮ ಫೌಜಿ ಮೂರ ದಿನದಿಂದ ವಾಂತಿ ಮಾಡಾಕತ್ತಾನ. ಸಲಾಯಿನ್ ಹಚ್ಚ್ಯಾರ. ಕೆಟ್ಟದ್ದು ತಿಂದಾನ ಅಂತ ಡಾಕ್ಟರ್ ಹೇಳ್ಯಾರ. ಇನ್ನೆರಡ ದಿನ ಇದನ್ನ ತಿಂದಿದ್ರ..."

ಅಳಬಾರದು... ಇವನ ಮುಂದಂತೂ ಅಳಲೇಬಾರದು!

ಎರಡು ವರ್ಷದ ಹಿಂದೆ ಗಬ್ಬೂರ ಬೈಪಾಸಿನಲ್ಲಿ ಲಾರಿಗಳ ನಡುವೆ ನಡುಗುತ್ತ ನಿಂತಿದ್ದ ಮರಿಯನ್ನು ಅವಳು ದುಪಟ್ಟಾದಲ್ಲಿ ಸುತ್ತಿ ತಂದಿದ್ದಳು. ಗೇಟಿನ ಮುಂದೆ ಸೈನಿಕನ ಹಾಗೆ ಎದೆಯುಬ್ಬಿಸಿ ಕೂರುವ ಠೀವಿ ನೋಡಿ ಫೌಜಿ ಎಂದು ಹೆಸರಿಟ್ಟವಳು ಅವ್ವ, ಗುಡ್ಡವ್ವ. ಮನೆಯಲ್ಲಿ ಇರುವುದೇ ಆ ಮೂರು ಜೀವ.

"ಕಮಟ ಹೊಡಿಯಾಕತ್ತೈತಿ, ಖರೇ," ಎಂದ ರಾಜರತ್ನ. "ಚೀಲ ಎಲ್ಲೈತ್ರಿ? ಅದರ ಮ್ಯಾಲೆ ತಾರೀಖು, ಬ್ಯಾಚ್ ನಂಬರ್ ಇರ್ತೈತಿ. ಅದಿದ್ರ ಕಂಪನಿಯವರನ್ನ ಕೇಳಬಹುದು."

"ಒಗದೇವಿ. ಡಬ್ಬಿಗೆ ಸುರುವಿದ ಮ್ಯಾಲೆ ಚೀಲ ಯಾರ ಇಟ್ಕೊಂಡು ಕೂಡ್ತಾರ?"

"ಎಂಥಾ ಡಬ್ಬಿ? ಎಲ್ಲಿಟ್ಟೀರಿ?"

"ಅಂದ್ರ? ತಪ್ಪು ನಮ್ಮದು ಅಂತೀರೇನು? ನಾ ಹೈಸ್ಕೂಲಿನಾಗ ವಿಜ್ಞಾನ ಕಲಸ್ತೇನ್ರಿ! ನಮಗ ಡಬ್ಬಿ ಮುಚ್ಚಾಕ ಬರೂದಿಲ್ಲೇನು?" ಪೂನಮ್ ಬೋಗುಣಿಗೆ ಕೈ ಹಾಕಿ ಒಂದು ಒಣಗಿದ ಎಲೆಯನ್ನು ಎತ್ತಿ ಹಿಡಿದಳು. "ನೋಡ್ರಿ ಇಲ್ಲೆ! ಕಸಾನೂ ಕೂಡಿಸಿ ತುಂಬ್ಯಾರ!"

ರಾಜರತ್ನ ಆ ಎಲೆಯನ್ನು ಇಸಿದುಕೊಂಡು ಅಂಗೈ ಮೇಲೆ ತಿರುಗಿಸಿ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಎಲೆಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟ.

"ನಾಳೆ ಸಂಜಿಕ್ಕ ನಿಮ್ಮ ಮನಿಗೆ ಬರ್ತೇನಿ. ಡಬ್ಬಿ ನೋಡಬೇಕು."

"ಬರ್ರಿ! ಬಂದು ನಮ್ಮ ಫೌಜಿ ಮಾರಿನೂ ನೋಡ್ಕೊಂಡು ಹೋಗ್ರಿ!"

ಹೊರಗೆ ಬಂದವಳೇ ಅಂಗಡಿಯ ಬೋರ್ಡು ಕಾಣುವಂತೆ ನಿಂತು ವಿಡಿಯೋ ಮಾಡಿದಳು. 'ಈ ಅಂಗಡಿಯವರು ಕೆಟ್ಟ ಆಹಾರ ಮಾರುತ್ತಾರೆ. ನನ್ನ ನಾಯಿ ಸಾಯುವ ಸ್ಥಿತಿಯಲ್ಲಿದೆ.' ಅವಳಿ ನಗರದ ನಾಯಿ ಸಾಕುವವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಅದು ಹೋಯಿತು. ಮನೆ ಮುಟ್ಟುವಷ್ಟರಲ್ಲಿ ಅದು ಬೇರೆ ಗುಂಪುಗಳಿಗೂ ಹಬ್ಬಿತ್ತು.

ಸಿಟ್ಟಿನಲ್ಲಿ ಬೆರಳು ಬಹಳ ಲಗೂ ಓಡುತ್ತದೆ. ಹಿಂದಕ್ಕೆ ಬರುವಾಗ ಮಾತ್ರ ಅದಕ್ಕೆ ದಾರಿ ಸಿಗುವುದಿಲ್ಲ.

ಮರುದಿನ ಸಂಜೆ ಅವನು ಹೇಳಿದಂತೆಯೇ ಬಂದ. ಗುಡ್ಡವ್ವ ಪಡಸಾಲೆಯಲ್ಲಿ ಫೌಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಗಂಜಿ ಕುಡಿಸುತ್ತಿದ್ದಳು.

"ಆ ಅಂಗಡ್ಯಾಂವ ನೀನೇನು ತಮ್ಮಾ? ನನ್ನ ಮೊಮ್ಮಗಗ ಹಿಂಗ ಮಾಡಿದವರ ಕೈ ಸೇದಿಹೋಗ್ಲಿ ಅಂತ ದಿನಾ ಬೈಯಾಕತ್ತೇನಿ ನಾ. ಕುಂಡ್ರು. ಮದಲ ನೀರ ಕುಡಿ."

ರಾಜರತ್ನ ನೀರು ಕುಡಿದ. ಫೌಜಿ ಕಷ್ಟಪಟ್ಟು ತಲೆಯೆತ್ತಿ ಅವನ ಬೆರಳು ಮೂಸಿತು.

'ದ್ರೋಹಿ! ಇವನ ಕೈ ಯಾಕ ಮೂಸ್ತಿ?' ಎಂದುಕೊಂಡಳು ಪೂನಮ್. ಅಷ್ಟರಲ್ಲಿ ಡಾಕ್ಟರರ ಫೋನ್ ಬಂತು. ಅವಳು ಅಂಗಳಕ್ಕೆ ಹೋಗಿ ಮಾತಾಡಿ ಒಳಗೆ ಬರುವಷ್ಟರಲ್ಲಿ ರಾಜರತ್ನ ಅಡುಗೆಮನೆಯ ಮೂಲೆಯಲ್ಲಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ಪಕ್ಕದಲ್ಲಿ ಅವ್ವ ನಿಂತಿದ್ದಳು. ಅವನ ಮುಖ ಇಳಿದಿತ್ತು.

"ತಪ್ಪು ನಂದ ಐತ್ರಿ," ಎಂದ.

ಜಗಳಕ್ಕೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಪೂನಮಳ ಬಾಯಲ್ಲೇ ಉಳಿದವು. "ಅಂದ್ರ...?"

"ಚೀಲ ಹಳೇದಿತ್ತು. ನಾ ನೋಡಿ ಕೊಡಬೇಕಿತ್ತು." ಕೈಚೀಲದಿಂದ ಒಂದು ಸಣ್ಣ ಹೊಸ ಪ್ಯಾಕೆಟ್ ತೆಗೆದು ಕಟ್ಟೆಯ ಮೇಲಿಟ್ಟ. "ಡಬ್ಬಿಯೊಳಗಿಂದೆಲ್ಲ ಒಗೀರಿ. ಡಬ್ಬಿ ಸಾಬಾಣ ಹಚ್ಚಿ ತೊಳೀರಿ. ತಳದಾಗಿನ ಜಿಡ್ಡು ಹೊಸಾದನ್ನೂ ಕೆಡಸ್ತೈತಿ. ಇದನ್ನ ಸುರುವಬ್ಯಾಡ್ರಿ. ಚೀಲದ ಸಮೇತ ಡಬ್ಬಿಯೊಳಗ ಇಡ್ರಿ. ತಗದಾಗೊಮ್ಮೆ ಗಾಳಿ ಹಿಂಡಿ, ಬಾಯಿ ಮಡಚಿ, ಕ್ಲಿಪ್ ಹಾಕ್ರಿ. ಒಲಿ ಬಾಜೂಕ ಇಡಬ್ಯಾಡ್ರಿ, ತಂಪ ಜಾಗಾ ನೋಡ್ರಿ..."

"ಸಾಕ ಮಾಡ್ರಿ! ಹಳೇ ಮಾಲು ಮಾರಿ ನಮಗ ಪಾಠ ಹೇಳ್ತೀರೇನು?"

ಅವನು ಚಪ್ಪಲಿ ಮೆಟ್ಟಿ ಹೊರಟ. ಗೇಟಿನ ಹತ್ತಿರ ಮಾತ್ರ ಒಮ್ಮೆ ತಿರುಗಿ ಫೌಜಿಯನ್ನು ನೋಡಿದ.

'ಅಂಗಡಿಯವನು ತಪ್ಪು ಒಪ್ಪಿಕೊಂಡಿದ್ದಾನೆ!' ಪೂನಮ್ ಗುಂಪಿನಲ್ಲಿ ಬರೆದಳು. ಶಹಬ್ಬಾಸ್ ಟೀಚರ್ ಎಂದು ಎಲ್ಲರೂ ಹೆಬ್ಬೆರಳು ಎತ್ತಿದರು. ಗೆದ್ದ ಸಂತೋಷ ಮಾತ್ರ ಯಾಕೋ ಬರಲಿಲ್ಲ...

ಮುಂಜಾನೆ ಏಳಕ್ಕೆ ಅವಳ ಫೋನಿಗೆ ಒಂದು ಮೆಸೇಜು.

'ಫೌಜಿ ಊಟ ಮಾಡಿದ್ನ?'

ಬಿಲ್ಲಿಗೆ ಕೊಟ್ಟ ನಂಬರ್ ಹಿಡಿದು ರಾಜರತ್ನ ಕೇಳುತ್ತಿದ್ದಾನೆ. ಎಷ್ಟು ಧೈರ್ಯ!

'ಮಾಡಿದ. ನಿಮ್ಮ ಅಂಗಡಿದಲ್ಲ. ಅನ್ನ, ಮೊಸರು.'

ಮರುದಿನ ಮತ್ತೆ ಏಳಕ್ಕೆ. 'ಫೌಜಿ ಊಟ ಮಾಡಿದ್ನ?'

'ನಿಮಗ ಬ್ಯಾರೆ ಕೆಲಸ ಇಲ್ಲೇನು?'

'ಸದ್ಯ ಇಲ್ರಿ. ಗಿರಾಕಿ ಬರೂದು ಬಿಟ್ಟಾರ.'

ಅದಕ್ಕೆ ಅವಳು ಎರಡು ಸಲ ಬರೆದು ಎರಡು ಸಲ ಅಳಿಸಿದಳು. ಆಮೇಲೆ 'ಅನುಭವಿಸ್ರಿ' ಎಂದು ಕಳಿಸಿ, ಶಾಲೆಯಲ್ಲಿ ಇಡೀ ದಿನ ಮಕ್ಕಳಿಗೆ ಸುಮ್ಮಸುಮ್ಮನೆ ಬೈದಳು.

ಆರನೇ ದಿನ ಏಳಾಯಿತು, ಎಂಟಾಯಿತು. ಮೆಸೇಜಿಲ್ಲ. ಸ್ಟಾಫ್ ರೂಮಿನಲ್ಲಿ ಏಳು ಸಲ ಫೋನ್ ನೋಡಿದಳು. 'ನಾ ಯಾಕ ಕಾಯಾಕತ್ತೇನಿ? ನನ್ನ ಫೌಜಿನ್ನ ಕೊಲ್ಲಾಕ ಹೊಂಟಾಂವ ಅಂವ!' ಎಂದು ತನಗೇ ಗದರಿಕೊಂಡಳು. ಎಂಟನೇ ಸಲ ನೋಡಿದಳು.

ಸಂಜೆ ಮೆಸೇಜ್ ಬಂತು. 'ಸುಳ್ಳಕ್ಕ ಹೋಗಿದ್ದೆ. ಫೌಜಿ ಊಟ ಮಾಡಿದ್ನ?'

'ಮಾಡಿದ. ಮುಂಜಾನೆ ಬೈಯೋರಿಲ್ದ ನಿಮಗ ಬ್ಯಾಸರ ಆತೇನು?'

'ಹೌದ್ರಿ.'

ಅಷ್ಟೇ! ಪೂನಮ್ ಫೋನನ್ನು ದಿಂಬಿನ ಕೆಳಗೆ ತುರುಕಿದಳು, ಅದು ಅವಳ ಮುಖ ನೋಡಿಬಿಟ್ಟೀತು ಎಂಬಂತೆ.

ರವಿವಾರ. ಗುಡ್ಡವ್ವ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಜೋಳ ಹರವುತ್ತಿದ್ದಳು. ಚೇತರಿಸಿಕೊಂಡ ಫೌಜಿ ನೀರಿನ ಟಾಕಿಯ ನೆರಳಲ್ಲಿ ಕಾಲು ಚಾಚಿತ್ತು. ಪಕ್ಕದಲ್ಲಿ ಒಂದು ಬುಟ್ಟಿ ಬೇವಿನ ಸೊಪ್ಪು.

"ಅವ್ವಾ, ನಿನ್ನ ಮೊಮ್ಮಗನ ಕಾಳೂ ತಂದು ಹರವು, ಅದೊಂದ ಯಾಕ ಬಿಟ್ಟಿ?" ಪೂನಮ್ ನಗೆಯಾಡಿದಳು.

"ಈ ಹೊಸಾ ಚೀಲಕ್ಕ ಬಿಸಲು ಬ್ಯಾಡಂತ. ಆ ಹುಡುಗ ಹೇಳ್ಯಾನ. ಇದು ಬ್ಯಾರೆ ತರಹದ್ದಂತ."

ಪೂನಮಳ ನಗು ಅಲ್ಲೇ ನಿಂತಿತು. "ಹೊಸಾದಕ್ಕ ಬ್ಯಾಡ ಅಂದ್ರ... ಹಳೇದಕ್ಕ ಹಾಕಿದ್ದ್ಯಾ?"

"ಹಾಕದ ಹಂಗ ಇಡ್ತಾರೇನು? ನುಸಿ ಹಿಡ್ಯೂದಿಲ್ಲಾ? ನೀ ಸಾಲಿಗೆ ಹೋದಮ್ಯಾಲೆ ನಾಕ ದಿನ ಚಂದಂಗ ಬಿಸಲಿಗೆ ಒಣಗಿಸಿ, ನಡುವ ಬೇವಿನ ಸೊಪ್ಪ ಹಾಕಿ ಡಬ್ಬಿಗೆ ತುಂಬಿದ್ದೆ. ನನ್ನ ಫೌಜಿ ಊಟಕ್ಕ ಒಂದ ಹುಳಾ ಬರಬಾರದು ಅಂತ... ಯಾಕವ್ವಾ? ಯಾಕ ಹಂಗ ನೋಡ್ತಿ?"

ಆ ಎಲೆ... ತಾನು ಕೌಂಟರಿನ ಮೇಲೆ ಎತ್ತಿ ಹಿಡಿದ ಎಲೆ!

ಆ ಕಾಳಿಗೆ ಕೊಬ್ಬು ಸವರಿರುತ್ತದೆ. ಬಿಸಿಲಿಗೆ, ಗಾಳಿಗೆ ಬಿಟ್ಟರೆ ಕೊಬ್ಬು ಕಮಟಾಗುತ್ತದೆ. ವರ್ಷಾ ವರ್ಷಾ ಹತ್ತನೇ ತರಗತಿಗೆ ಕಮಟುವಿಕೆಯ ಪಾಠ ಮಾಡುವ ಟೀಚರು, ಅದೇ ಪಾಠ ತನ್ನ ಮಾಳಿಗೆಯ ಮೇಲೆ ನಾಲ್ಕು ದಿನ ನಡೆದರೂ ನೋಡಿರಲಿಲ್ಲ.

ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ 'ತಪ್ಪು ನಂದ' ಅಂದ!

ಸ್ಕೂಟರಿನ ಮುಂದೆ ಫೌಜಿಯನ್ನು ನಿಲ್ಲಿಸಿಕೊಂಡು ಪೂನಮ್ ದೇಶಪಾಂಡೆ ನಗರಕ್ಕೆ ಬಂದಾಗ, ಅಂಗಡಿಯ ಅರ್ಧ ಶಟರ್ ಇಳಿದಿತ್ತು. ಒಳಗೆ ರಾಜರತ್ನ ಚೀಲಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದ. ಗೋಡೆಯ ಕಪಾಟುಗಳು ಖಾಲಿ.

"ಇದೇನು?"

"ಕಾಣವಲ್ದೇನು? ಅಂಗಡಿ ಬಿಡಾಕತ್ತೇನಿ. ಜಾಗಾದ ಮಾಲಕರಾದ ಶಹಜಹಾನಬೇಗಂ ಅವರಿಗೂ ನಿಮ್ಮ ವಿಡಿಯೋ ಮುಟ್ಟೈತಿ. ಹೆಸರು ಕೆಟ್ಟ ಅಂಗಡಿ ಬ್ಯಾಡಪಾ ಅಂದ್ರು."

"ಯಾಕ ಹೇಳಲಿಲ್ಲ?" ಅವಳ ದನಿ ಏರಿತು. "ಬೇವಿನೆಲಿ ನೋಡಿದ ಕೂಡ್ಲೆ ನಿಮಗ ತಿಳದಿತ್ತು! ಯಾಕ ಹೇಳಲಿಲ್ಲ? ನನ್ನ ಹುಚ್ಚಿ ಮಾಡಿ ಕುಂಡ್ರಿಸಿದ್ರಿ!"

ಎಂಟು ದಿನದಿಂದ ಹಲ್ಲು ಕಚ್ಚಿ ಹಿಡಿದದ್ದು ಅವನಲ್ಲಿಯೂ ಅವತ್ತು ಕಟ್ಟೆಯೊಡೆಯಿತು.

"ಏನಂತ ಹೇಳಬೇಕಿತ್ರಿ? ಮಾಡಿದವರ ಕೈ ಸೇದಿಹೋಗ್ಲಿ ಅಂತ ನಿಮ್ಮವ್ವ ಆ ನಾಯಿ ತಲಿ ತೊಡಿ ಮ್ಯಾಲೆ ಇಟ್ಕೊಂಡು ಶಾಪ ಹಾಕಾಕತ್ತಿದ್ರು! 'ಯವ್ವಾ, ಆ ಕೈ ನಿಂದ' ಅಂತ ಹೇಳ್ಲೇನು? ನಮ್ಮವ್ವ ಅಕ್ಕವ್ವ ಸುಳ್ಳದಾಗ ಇವತ್ತಿಗೂ ಕಡ್ಲಿ, ಜ್ವಾಳ ಹಂಗ ಇಡ್ತಾಳ. ನನ್ನ ಬಾಯಿಂದ ಆ ಮಾತು ಬರಲಿಲ್ಲ. ನಿಮಗ ಬ್ಯಾರೆ ಹೇಳಬೇಕಂದ್ರ, ನೀವು ಒಂದ ಮಾತು ಪೂರಾ ಆಡಾಕ ಬಿಟ್ಟೀರೇನು?"

ನಿಜ. ಬಿಟ್ಟಿರಲಿಲ್ಲ.

ಫೌಜಿ ಮಾತ್ರ ಯಾರ ಜಗಳಕ್ಕೂ ಕಿವಿಗೊಡದೆ ಒಳಗೆ ನುಗ್ಗಿ ಅವನ ಮೊಣಕಾಲಿಗೆ ತಲೆ ತಿಕ್ಕತೊಡಗಿತು.

ಅವಳು ಫೋನ್ ತೆಗೆದಳು. ಅದೇ ಬೋರ್ಡಿನ ಕೆಳಗೆ, ಅದೇ ಜಾಗದಲ್ಲಿ ನಿಂತಳು.

"ನಾನು ಪೂನಮ್. ಎಂಟು ದಿನದ ಹಿಂದೆ ನಾನು ಹೇಳಿದ್ದು ತಪ್ಪು. ಆಹಾರ ಕೆಟ್ಟದ್ದು ಈ ಅಂಗಡಿಯಲ್ಲಲ್ಲ, ನಮ್ಮ ಮನೆಯಲ್ಲಿ. ಚೀಲ ಬಿಚ್ಚಿ ಬಿಸಿಲಿಗೆ ಒಣಗಿಸಿ ಇಟ್ಟಿದ್ದೆ... ನಾನೇ. ನಾನು ವಿಜ್ಞಾನದ ಟೀಚರು. ನನಗೆ ತಿಳಿಯಬೇಕಿತ್ತು. ಇವರು ನಮ್ಮ ಮರ್ಯಾದೆ ಉಳಿಸಲು ತಮ್ಮ ಮರ್ಯಾದೆ ಕಳಕೊಂಡರು. ನೋಡಿ, ನನ್ನ ಫೌಜಿ ಅವರ ಅಂಗಡಿಯಲ್ಲೇ ಇದ್ದಾನೆ."

ಕಳಿಸಿದಳು. ಅದೇ ಗುಂಪಿಗೆ.

"ಒಣಗಿಸಿದ್ದು ನೀವಲ್ಲಲ್ಲ..." ಎಂದ ರಾಜರತ್ನ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೆ ದನಿ ಇಳಿದಿತ್ತು.

"ಹಳೇ ಚೀಲ ಕೊಟ್ಟದ್ದೂ ನೀವಲ್ಲಲ್ಲ. ಶಹಜಹಾನಬೇಗಂ ಅವರ ಮನಿಗೂ ಈಗ ಹೋಗ್ತೇನಿ. ಅವರ ಎದುರಿಗೂ ಇದನ್ನ ಹೇಳ್ತೇನಿ. ಆ ಚೀಲಾ ಎಲ್ಲಾ ಮೊದಲಿನ ಜಾಗಾಕ್ಕ ಇಡ್ರಿ."

"ಇದು ಆಜ್ಞೆ ಏನ್ರಿ?"

"ಹೌದು!"

ಅವನು ಬಗ್ಗಿ ಫೌಜಿಯ ಕಿವಿ ಸವರಿದ. "ಇಂವ ಆರಾಮ ಆದ. ಇನ್ನ ಮುಂಜಾನೆ ನಾ ಮೆಸೇಜ್ ಮಾಡೂದು ಸರಿ ಅಲ್ಲ."

ಏಳು ಗಂಟೆ ಬರುತ್ತದೆ... ಫೋನ್ ಸುಮ್ಮನೆ ಬಿದ್ದಿರುತ್ತದೆ...

"ಫೌಜಿ ಆರಾಮ ಆದ," ಎಂದಳು ನೆಲ ನೋಡುತ್ತ. "ನಾ ಆಗಿಲ್ಲ."

ರಾಜರತ್ನ ತಲೆಯೆತ್ತಿದ.

"ಖರೇ ಹೇಳ್ರಿ. ದಿನಾ ನೀವು ಕೇಳ್ತಿದ್ದದ್ದು ಫೌಜಿನ್ನ ಅಷ್ಟ ಏನು?"

"ಮದಲ ಎರಡ ದಿನ ಫೌಜಿನ್ನ." ಅವನು ಒಂದು ಚೀಲವನ್ನೆತ್ತಿ ಕಪಾಟಿನಲ್ಲಿಟ್ಟ. "ಆಮ್ಯಾಲೆ ಬೈಸ್ಕೊಳ್ಳಾಕ ಅಂತನ ಮಾಡ್ತಿದ್ದೆ. ನಿಮ್ಮ ಬೈಗಳ ಬರದ ಇದ್ರ ಚಹಾ ಗಂಟಲದಾಗ ಇಳೀತಿರಲಿಲ್ಲ."

ಪೂನಮಳ ಕಣ್ಣು ತುಂಬಿತು. ಇವನ ಮುಂದೆ ಅಳಬಾರದೆಂದು ಅಂದುಕೊಂಡಿದ್ದು ಇದೇ ಕೌಂಟರಿನ ಎದುರು... ಈಗ ಅತ್ತರೂ ಪರವಾಗಿಲ್ಲ ಅನ್ನಿಸಿತು.

"ನಾಳೆ ಏಳಕ್ಕ ಏನಂತ ಕೇಳ್ತೀರಿ?"

"ಪೂನಮ್ ಚಹಾ ಕುಡಿದ್ಳ, ಅಂತ."

"ಕುಡಿದ್ರ ಅನ್ರಿ. ಟೀಚರ್ ಅದೇನಿ ನಾ."

"ಮದುವಿ ಆದಮ್ಯಾಲೂ?"

ಅವಳು ಕೆನ್ನೆ ಒರೆಸಿಕೊಂಡು, ಕೆಳಗಿದ್ದ ಇನ್ನೊಂದು ಚೀಲವನ್ನೆತ್ತಿ ಅವನ ಕೈಗೆ ಕೊಟ್ಟಳು.

"ಆವಾಗಿಂದು ಆವಾಗ ನೋಡೂಣು. ಮದಲ ಇದನ್ನ ನೆರಳಾಗ ಇಡ್ರಿ."