ಮುಚ್ಚಳ ತೆಗೆದು ಮಾಡಿದ ಟೆಸ್ಟ್

ಆ ಮನೆಯಲ್ಲಿ ಎರಡನೇ ಟೇಬಲ್ ಫ್ಯಾನ್ ಇರಲಿಲ್ಲ. ಇದ್ದ ಒಂದು ಅಜ್ಜನ ಮಂಚದ ಪಕ್ಕದ ಸ್ಟೂಲಿನ ಮೇಲೆ ತಿರುಗುತ್ತಿತ್ತು. ಊಟ ಮುಗಿಸಿದ ಅಜ್ಜ ಆಗಷ್ಟೇ ಕಣ್ಣು ಮುಚ್ಚಿದ್ದ.

ಸ್ಕ್ರೂ ಬಾಗಿಲಲ್ಲಿ ನಿಂತು ಫ್ಯಾನನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಮನೆಯಲ್ಲಿ ಮಾತ್ರ ಸ್ಕ್ರೂ. ಟಾರ್ಚು, ಅಲಾರಂ, ರಿಮೋಟು, ಯಾವುದನ್ನೂ ಬಿಚ್ಚಿ ನೋಡದೆ ಬಿಟ್ಟವಳಲ್ಲ.

“ಅಜ್ಜ, ಫ್ಯಾನ್ ಸ್ವಲ್ಪ ಹೊತ್ತು ಬೇಕು.”

“ಯಾಕೆ? ಅದನ್ನೂ ಬಿಚ್ಚೋಕಾ?”

“ಇಲ್ಲ. ಸ್ಕೂಲ್ ಪ್ರಾಜೆಕ್ಟಿಗೆ.”

ಪ್ರಾಜೆಕ್ಟ್ ಎಂದರೆ ಅಜ್ಜ ಮತ್ತೆ ಪ್ರಶ್ನೆ ಕೇಳುವುದಿಲ್ಲ. ದಿಂಬಿನ ಪಕ್ಕದಲ್ಲಿದ್ದ ಪೇಪರ್ ಮಡಿಸಿ ಗಾಳಿ ಹಾಕಿಕೊಳ್ಳತೊಡಗಿದ. ಸ್ಕ್ರೂ ಪ್ಲಗ್ ಕಿತ್ತಳು.

ಫ್ಯಾನ್ ಬೇಕಾಗಿದ್ದದ್ದು ಕಂಪ್ಯೂಟರಿಗೆ.

ಅಮ್ಮ ಆ ಕಂಪ್ಯೂಟರಿನಲ್ಲಿ ಅಡುಗೆಮನೆಗಳನ್ನು ಬಿಡಿಸುತ್ತಾಳೆ. ಸಿಂಕು ಎಲ್ಲಿ, ಕಪಾಟು ಎಲ್ಲಿ ಎಂದು ಅವಳು ತೋರಿಸಿದ ಹಾಗೆ ಮರಗೆಲಸದ ವರ್ಕ್‌ಶಾಪಿನವರು ಮಾಡಿಕೊಡುತ್ತಾರೆ. ಸ್ಕ್ರೂ ಅದೇ ಕಂಪ್ಯೂಟರಿನಲ್ಲಿ ಶಾಲೆಯ ಎಕ್ಸಿಬಿಷನ್ನಿಗೆ ಮಣ್ಣಿನ ಗೊಂಬೆಗಳ ಫೋಟೋ ಜೋಡಿಸಿ ಸಿನಿಮಾ ಮಾಡುತ್ತಿದ್ದಳು. ಕಂಪ್ಯೂಟರ್ ಹಳೆಯದು. ಗೊಂಬೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಅಮ್ಮನ ಸರದಿ ಬಂದುಬಿಡುತ್ತಿತ್ತು.

ಕಾಲೇಜಿಗೆ ಹೋಗುವ ಅಣ್ಣ ಒಂದು ದಾರಿ ಹೇಳಿದ. ಕಂಪ್ಯೂಟರ್ ಇಷ್ಟೇ ವೇಗದಲ್ಲಿ ಓಡಲಿ ಎಂದು ಅದನ್ನು ಮಾಡಿದವರು ಗೊತ್ತು ಮಾಡಿರುತ್ತಾರೆ. ಸೆಟ್ಟಿಂಗ್ ಬದಲಿಸಿದರೆ ಅದಕ್ಕಿಂತ ಜೋರಾಗಿ ಓಡಿಸಬಹುದು. ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಜೋರಾಗಿ ಓಡಿದರೆ ಬಿಸಿಯಾಗುತ್ತದೆ. ಬಿಸಿ ಹೆಚ್ಚಾದರೆ ತಪ್ಪು ಮಾಡುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

“ನಂಗೆ ಸ್ಪೀಡ್ ಬೇಡ. ಕೈ ಕೊಡದೆ ಇದ್ರೆ ಸಾಕು,” ಎಂದಿದ್ದಳು ಅಮ್ಮ. ಸ್ಕ್ರೂ ಒಂದು ವಾರ ಅವಳ ಹಿಂದೆ ಬಿದ್ದಳು. ಟೆಸ್ಟ್ ಮಾಡಿ, ಪಾಸಾದರೆ ಮಾತ್ರ ಹಾಗೇ ಇಟ್ಟುಕೊಳ್ಳೋಣ ಎಂದು ಕೊನೆಗೆ ಅಮ್ಮ ಒಪ್ಪಿದಳು.

ಆ ಭಾನುವಾರ ಬೆಳಿಗ್ಗೆ ಅಮ್ಮ ಯಾರದೋ ಮನೆಯ ಅಳತೆ ತೆಗೆಯಲು ಹೋದಳು. ಅಣ್ಣ ವೇಗ ಏರಿಸಿ ಟೆಸ್ಟ್ ಹಾಕಿದ. ಅದು ಕಂಪ್ಯೂಟರಿಗೆ ಉಸಿರಾಡಲು ಬಿಡದೆ ಲೆಕ್ಕದ ಮೇಲೆ ಲೆಕ್ಕ ಕೊಡುವ ಪ್ರೋಗ್ರಾಮ್. ಎಲ್ಲ ಸರಿ ಇದ್ದರೆ ಹಸಿರು ಗೆರೆ ಮುಂದೆ ಹೋಗುತ್ತದೆ. ಒಂದು ತಪ್ಪಾದರೂ ಕೆಂಪು. ಗೆರೆ ತುದಿ ಮುಟ್ಟಲು ಕೆಲವು ಗಂಟೆ ಹಿಡಿಯುತ್ತದೆ.

“ನೋಡ್ತಾ ಇರು, ಅಷ್ಟೇ. ಏನನ್ನೂ ಮುಟ್ಬೇಡ,” ಎಂದು ಹೇಳಿ ಅಣ್ಣ ಆಟಕ್ಕೆ ಹೋದ.

ಊಟದ ಹೊತ್ತಿಗೆ ಗೆರೆ ಕೆಂಪಾಯಿತು.

ಸ್ಕ್ರೂ ಟೇಬಲಿನ ಕೆಳಗಿನ ಗೂಡಿನಿಂದ ಕಂಪ್ಯೂಟರಿನ ಡಬ್ಬವನ್ನು ಎಳೆದು, ಬದಿಯ ಮುಚ್ಚಳ ಬಿಚ್ಚಿದಳು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಆಗಲೇ ಅಜ್ಜನ ಫ್ಯಾನ್ ನೆನಪಾದದ್ದು.

ಫ್ಯಾನನ್ನು ಡಬ್ಬದ ಎದುರಿಗಿಟ್ಟು ಟೆಸ್ಟನ್ನು ಮೊದಲಿನಿಂದ ಓಡಿಸಿದಳು. ಈಗ ಗೆರೆ ಹಸಿರಾಗಿಯೇ ಮುಂದೆ ಹೋಯಿತು. ಪಕ್ಕದ ಕೋಣೆಯಿಂದ ಪೇಪರಿನ ಪಟಪಟ ಸದ್ದು, ಮಂಚದ ಕಿರಕಿರ ಸದ್ದು ಕೇಳುತ್ತಲೇ ಇದ್ದವು. ಅಜ್ಜನಿಗೆ ನಿದ್ದೆ ಬಂದಿರಲಿಲ್ಲ.

ಸಂಜೆ ಗೆರೆ ತುದಿ ಮುಟ್ಟಿತು. ಸ್ಕ್ರೂ ಮುಚ್ಚಳ ಹಾಕಿ, ಡಬ್ಬವನ್ನು ಗೂಡಿಗೆ ತಳ್ಳಿ, ಫ್ಯಾನನ್ನು ಸ್ಟೂಲಿನ ಮೇಲೆ ಇಟ್ಟಳು. ಅಜ್ಜನ ಬನಿಯನ್ ಬೆನ್ನಿಗೆ ಅಂಟಿತ್ತು. ಪ್ರಾಜೆಕ್ಟ್ ಮುಗಿಯಿತೇ ಎಂದು ಕೇಳಿದ. ಮುಗಿಯಿತು ಎಂದಳು.

ಅಣ್ಣ ಬಂದು ಹಸಿರು ಗೆರೆ ನೋಡಿ ಅವಳ ತಲೆಗೆ ಮೆಲ್ಲಗೆ ಮೊಟಕಿದ. ಅಮ್ಮನಿಗೂ ಅವನೇ ಹೇಳಿದ, ಪಾಸ್ ಅಂತ. ಸ್ಕ್ರೂ ಬಾಯಿ ಬಿಡಲಿಲ್ಲ. ಗೆರೆ ಹಸಿರಾಗಿದ್ದದ್ದು ಸುಳ್ಳೇನೂ ಅಲ್ಲವಲ್ಲ ಎಂದುಕೊಂಡಳು.

ಅಮ್ಮ ಕೈಕಾಲು ತೊಳೆದು ಕೆಲಸಕ್ಕೆ ಕುಳಿತಳು. ವಾರವಿಡೀ ಬಿಡಿಸಿದ ಒಂದು ಅಡುಗೆಮನೆಯನ್ನು ಬೆಳಿಗ್ಗೆ ವರ್ಕ್‌ಶಾಪಿಗೆ ಕೊಡಬೇಕಿತ್ತು. ಚಿತ್ರವನ್ನು ಹೇಗೆ ತಿರುಗಿಸಿದರೂ ಎಲ್ಲೂ ತಡವರಿಸಲಿಲ್ಲ.

“ಪರವಾಗಿಲ್ವೇ, ಓಡ್ತಿದೆ,” ಎಂದಳು ಅಮ್ಮ. ಹೋಮ್‌ವರ್ಕ್ ಮಾಡುತ್ತಿದ್ದ ಸ್ಕ್ರೂಗೆ ತಾನೇ ಹೊಗಳಿಸಿಕೊಂಡ ಹಾಗಾಯಿತು.

ಕೊನೆಯ ಕಪಾಟಿಗೆ ಹಿಡಿಕೆ ಇಟ್ಟು ಅಮ್ಮ ಸೇವ್ ಒತ್ತಿದಳು. ಪರದೆ ನೀಲಿಯಾಯಿತು. ಆಮೇಲೆ ಕಪ್ಪಾಯಿತು.

ಮತ್ತೆ ಆನ್ ಮಾಡಿದಾಗ ಫೈಲ್ ಇದ್ದ ಜಾಗದಲ್ಲೇ ಇತ್ತು, ಆದರೆ ತೆರೆಯಲಿಲ್ಲ. ಪೆನ್‌ಡ್ರೈವಿನಲ್ಲಿ ಇದ್ದದ್ದು ಹೋದ ಭಾನುವಾರದ್ದು. ಅದರಲ್ಲಿ ಬರೀ ಗೋಡೆಗಳಿದ್ದವು. ಅಮ್ಮ ಬಯ್ಯಲಿಲ್ಲ. ಮೌಸ್ ಬಿಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು.

ಪಾಸಾದದ್ದು ಹೀಗೇಕೆ ಮಾಡಿತು ಎಂದು ಅಣ್ಣ ಗೊಣಗುತ್ತ ಕರೆಂಟ್ ನೋಡಿದ, ವಯರ್ ನೋಡಿದ. ಸ್ಕ್ರೂ ಬಗ್ಗಿ ಗೂಡಿನೊಳಗೆ ಕೈ ಹಾಕಿದಳು. ಡಬ್ಬ, ಒಲೆಯ ಮೇಲಿನ ಪಾತ್ರೆಯ ಮುಚ್ಚಳದ ಹಾಗೆ ಸುಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಫ್ಯಾನ್ ಗರಗರ ತಿರುಗುತ್ತಿತ್ತು.

“ಪಾಸಾಗಿದ್ದು ಕಂಪ್ಯೂಟರ್ ಅಲ್ಲ,” ಎಂದಳು ಸ್ಕ್ರೂ. “ಅಜ್ಜನ ಫ್ಯಾನು.”

ಅಣ್ಣ ತಿರುಗಿ ನೋಡಿದ. ಕೆಂಪು ಗೆರೆ, ಬಿಚ್ಚಿದ ಮುಚ್ಚಳ, ಪ್ರಾಜೆಕ್ಟ್ ಎಂದು ಅಜ್ಜನಿಗೆ ಹೇಳಿದ್ದು, ಎಲ್ಲವನ್ನೂ ಅವಳು ನೆಲ ನೋಡಿಕೊಂಡೇ ಹೇಳಿದಳು.

“ಕೆಂಪಾಯ್ತು ಅಂದಿದ್ರೆ ವಾಪಸ್ ಹಳೇ ಸ್ಪೀಡಿಗೆ ಹಾಕ್ತಿದ್ದೆ. ಅಷ್ಟೇ ತಾನೇ?” ಎಂದ ಅಣ್ಣ.

“ಅದಕ್ಕೇ ಹೇಳ್ಲಿಲ್ಲ.”

ಅಮ್ಮ ವರ್ಕ್‌ಶಾಪಿಗೆ ಫೋನ್ ಮಾಡಲು ಹೊರಗೆ ಹೋದಳು. ಅವಳ ಮಾತಿಗಿಂತ ಅತ್ತಲಿನವರ ಮಾತೇ ಹೆಚ್ಚಿರಬೇಕು. “ಹ್ಞೂಂ, ತಪ್ಪು ನಮ್ಮದೇ” ಎನ್ನುವುದಷ್ಟೇ ಮತ್ತೆ ಮತ್ತೆ ಕೇಳಿಸುತ್ತಿತ್ತು.

ಅವಳು ಒಳಗೆ ಬರುವಷ್ಟರಲ್ಲಿ ಅಣ್ಣ ಹಳೆಯ ವೇಗಕ್ಕೆ ತಂದಿಟ್ಟಿದ್ದ. ಅಮ್ಮ ಗೋಡೆಗಳ ಫೈಲ್ ತೆರೆದಳು. ಸ್ಕ್ರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಅಳತೆಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದಳು. ಕಂಪ್ಯೂಟರ್ ಪ್ರತಿ ಗೆರೆಗೂ ತಡವರಿಸುತ್ತಿತ್ತು. ಅದು ಸುಧಾರಿಸಿಕೊಳ್ಳುವವರೆಗೆ ಅಮ್ಮ ಕಾಯುತ್ತಿದ್ದಳು, ಸ್ಕ್ರೂ ಕೂಡ ಕಾಯುತ್ತಿದ್ದಳು. ಗೊಂಬೆಗಳ ಸಿನಿಮಾದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೋದದ್ದು ಹನ್ನೊಂದು ಕಪಾಟು, ನಾಲ್ಕು ಡ್ರಾಯರ್, ಒಂದು ಸಿಂಕು ಮತ್ತು ಅಜ್ಜನ ಒಂದು ಮಧ್ಯಾಹ್ನದ ನಿದ್ದೆ.