ಬೆರಳು ತಿದ್ದುವ ಗಿಟಾರ್

ಇದನ್ನು ಹೇಳಿದರೆ ಆಫೀಸಿನಲ್ಲಿ ನಗುತ್ತಾರೆ, ಆದರೂ ಹೇಳುತ್ತೇನೆ.

ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನ ಒಂದು ಮನೆಯವರು ಬೇಡದ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಅರವತ್ತರ ದಶಕದ್ದು, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ ಪುಟ್ಟ ಮಾಡೆಲ್. ನುಡಿಸುವಾಗ ತಪ್ಪಿದರೆ ಸಾಕು, ಫ್ರಿಜ್ಜಿನಿಂದ ತೆಗೆದಂಥ ತಣ್ಣನೆಯ ಬೆರಳೊಂದು ನನ್ನ ಬೆರಳನ್ನು ಸರಿಯಾದ ಜಾಗಕ್ಕೆ ಸರಿಸುತ್ತಿತ್ತು. ಬೆನ್ನ ಹಿಂದೆ ಯಾರೋ ಲೊಚಗುಟ್ಟುತ್ತಿದ್ದರು.

“ರೀ, ಅದು ಮನೇಲಿದ್ರೆ ನಾನಿರಲ್ಲ,” ಅಂದಳು ಹೆಂಡತಿ ವೇದಾ. ಮಾರಾಟಕ್ಕಿಟ್ಟೆ.

ಅಟ್ಲಾಂಟಾದಿಂದ ಫಹಾದ್ ಎಂಬ ಮೈಸೂರಿನ ಹುಡುಗ ಕೊಳ್ಳಲು ಬಂದ. ನುಡಿಸುತ್ತಿದ್ದವನು ಬೆಚ್ಚಿಬಿದ್ದ.

“ಅಂಕಲ್, ಯಾರೋ ನನ್ನ ಬೆರಳು ಸರಿಸಿದ್ರು!”

“ಹಳೇ ತಂತಿ, ಹಾಗೇ,” ಎಂದೆ.

ಓಡಿಹೋಗುತ್ತಾನೆ ಅಂದುಕೊಂಡರೆ ಹಲ್ಲು ಕಿರಿದ. “ಇನ್ನೊಂದ್ಸಲ ತಪ್ಪು ನುಡಿಸ್ಲಾ?” ಎಂದು ನುಡಿಸಿ, ಖುಷಿಯಿಂದ ಕೊಂಡು ಹೊತ್ತೊಯ್ದ. ವೇದಾ ಪಾಯಸ ಮಾಡಿದಳು.

ಮರುವಾರ ಅವನ ಫೋನು. “ಅಂಕಲ್, ಗಿಟಾರ್ ಚೆನ್ನಾಗಿದೆ. ಆದ್ರೆ ಎಷ್ಟು ತಪ್ಪು ಮಾಡಿದ್ರೂ ಯಾರೂ ತಿದ್ದಲ್ಲ. ಅವ್ರು ನಿಮ್ಮಲ್ಲೇ ಉಳಿದುಬಿಟ್ರಾ?”

ಸೋಫಾದಲ್ಲಿ ಕೂತಿದ್ದ ನಾನು ಬಾಯಿ ತೆರೆಯುವ ಮೊದಲೇ, ಅಡುಗೆಮನೆಯಲ್ಲಿ ಒಬ್ಬಳೇ ಚಪಾತಿ ಲಟ್ಟಿಸುತ್ತಿದ್ದ ವೇದಾ ಕೂಗಿದಳು:

“ಕೈ ಬಿಡ್ರೀ! ಲಟ್ಟಣಿಗೆ ಹಿಡಿಯೋದು ನನಗೆ ಬರುತ್ತೆ.”